ಗೆಲಾಕ್ಸಿ ಗುಚ್ಛದ ತೂಕ ಎಲ್ಲಿದೆ?

ಗೆಲಾಕ್ಸಿಗಳು ಒಂಟಿಯಾಗಿರುವುದು ಕಡಿಮೆ. ನಮ್ಮ ಆಕಾಶಗಂಗೆಯೂ ಆಂಡ್ರೊಮೆಡಾ ಮೊದಲಾದವುಗಳೊಡನೆ ಒಂದು ಸಣ್ಣ ಗುಂಪಿನಲ್ಲಿದೆ. ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರದ ಕೋಮಾ ಗುಚ್ಛದಲ್ಲಾದರೋ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳಿವೆ.

1933ರಲ್ಲಿ ಖಗೋಳವಿಜ್ಞಾನಿ ಫ್ರಿಟ್ಸ್ ಜ್ವಿಕಿ ಇವುಗಳ ವೇಗವನ್ನು ಪರಿಶೀಲಿಸಿದರು. ಸೆಕೆಂಡಿಗೆ ಸಾವಿರ ಕಿಲೋಮೀಟರಿನಷ್ಟು ವೇಗ! ಕಾಣುವ ನಕ್ಷತ್ರಗಳ ಗುರುತ್ವವಷ್ಟೇ ಇದ್ದಿದ್ದರೆ ಗುಚ್ಛ ಎಂದೋ ಚದುರಿಹೋಗಬೇಕಿತ್ತು. ಕಾಣದ ದ್ರವ್ಯ ಇದೆ ಎಂದರು ಜ್ವಿಕಿ. ಬಹುಕಾಲ ಈ ಮಾತಿಗೆ ಹೆಚ್ಚಿನವರು ಕಿವಿಗೊಡಲಿಲ್ಲ.

ಮುಂದೆ ಎಕ್ಸ್-ಕಿರಣ ದೂರದರ್ಶಕಗಳು ಬಂದವು. ಗೆಲಾಕ್ಸಿಗಳ ನಡುವೆ ಕೋಟಿಗಟ್ಟಲೆ ಡಿಗ್ರಿ ಉಷ್ಣತೆಯ ಅನಿಲ ತುಂಬಿರುವುದು ತಿಳಿಯಿತು. ಅದರ ರಾಶಿ ನಕ್ಷತ್ರಗಳ ಒಟ್ಟು ರಾಶಿಯ ಹಲವು ಪಟ್ಟು. ಆದರೂ ಲೆಕ್ಕ ತುಂಬಲಿಲ್ಲ.

ಗುಚ್ಛಗಳು ಬೆಳೆಯುವುದು ಒಂದಕ್ಕೊಂದು ಡಿಕ್ಕಿಯಾಗಿ ಸೇರಿಕೊಳ್ಳುವುದರಿಂದ. ‘ಬುಲೆಟ್ ಗುಚ್ಛ’ ಅಂಥ ಒಂದು ಡಿಕ್ಕಿ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತ ‘ಚಂದ್ರ’ ದೂರದರ್ಶಕದ ಚಿತ್ರ ನೋಡಿ: ಎರಡೂ ಕಡೆಯ ಅನಿಲ ಒಂದಕ್ಕೊಂದು ತಡೆಯಾಗಿ ಹಿಂದುಳಿದಿದೆ. ಗೆಲಾಕ್ಸಿಗಳು ಮಾತ್ರ ಸರಾಗವಾಗಿ ತೂರಿ ಮುಂದೆ ಸಾಗಿವೆ. ಕಾಣುವುದಷ್ಟೇ ಇರುವುದಾದರೆ ತೂಕವೆಲ್ಲ ಅನಿಲವಿರುವಲ್ಲೇ ಇರಬೇಕಲ್ಲವೆ? ಗುರುತ್ವ ಬೆಳಕನ್ನು ಬಾಗಿಸುತ್ತದೆ. ಹಿಂದಿನ ಗೆಲಾಕ್ಸಿಗಳಿಂದ ಬಂದ ಬೆಳಕು ಎಷ್ಟು ಬಾಗಿದೆ ಎಂದು ಅಳೆದು 2006ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಉತ್ತರವೇ ಬೇರೆ: ತೂಕದ ಹೆಚ್ಚು ಪಾಲು ಗೆಲಾಕ್ಸಿಗಳ ಜೊತೆ ಮುಂದೆ ಹೋಗಿದೆ. ಆ ಕಪ್ಪು ದ್ರವ್ಯ ಯಾವ ಕಣಗಳಿಂದಾದದ್ದು ಎಂಬುದು ಇನ್ನೂ ಪತ್ತೆಯಾಗಿಲ್ಲ.