ಹಳೆಯ ಮನೆಯಲ್ಲಿ ಹೊಸ ಹೂವು

ಅಮೆರಿಕದ ಡೆಲವೇರ್ ಸಂಸ್ಥಾನದಲ್ಲಿ ವಿಂಟರ್‌ಥರ್ ಎಂಬ 175 ಕೊಠಡಿಗಳ ಮನೆಯೊಂದುಂಟು. ಅದರ ಒಡೆಯರಾಗಿದ್ದ ಹೆನ್ರಿ ಫ್ರಾನ್ಸಿಸ್ ಡು ಪಾಂಟ್ ಅವರು 1951ರಲ್ಲಿ ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿ ಸಾರ್ವಜನಿಕರಿಗೆ ತೆರೆದರು. ತಾವು ಅಲ್ಲಿ ವಾಸವಾಗಿದ್ದಾಗ ಕೊಠಡಿಯ ಬಣ್ಣಕ್ಕೆ ಒಪ್ಪುವ ಹೂಗಳನ್ನು ತಮ್ಮ ತೋಟದಿಂದಲೇ ತರಿಸಿ ಇಡಿಸುತ್ತಿದ್ದರು.

ಇಂತಹ ಮನೆಗಳಲ್ಲಿ ಹೂವು ಬರಿಯ ಸೊಗಸಿಗಲ್ಲ. ಬೆಳಕು ಬಿದ್ದಷ್ಟೂ ಹಳೆಯ ರೇಷ್ಮೆಯ ಬಣ್ಣದ ಅಣುಗಳು ಒಡೆಯುತ್ತವೆ. ಹೋದ ಬಣ್ಣ ಮರಳಿ ಬಾರದು. ಆದುದರಿಂದ ರೇಷ್ಮೆಯಿರುವೆಡೆ ಬೆಳಕನ್ನು ಸುಮಾರು 50 ಲಕ್ಸಿಗೆ ಇಳಿಸುವುದು ವಾಡಿಕೆ. ಆ ಮಬ್ಬಿನಲ್ಲಿ ಕೊಠಡಿ ಬಹುಕಾಲ ಬೀಗ ಹಾಕಿಟ್ಟಂತೆ ಕಾಣುತ್ತದೆ. ಇಂದು ಕೊಯ್ದ ಹೂವೊಂದಿದ್ದರೆ, ಮನೆಯೊಡತಿ ಈಗತಾನೆ ಒಳಕ್ಕೆ ಹೋದಳೇನೋ ಎನಿಸುತ್ತದೆ. ಅಲ್ಲಿ ಬಾಡಿದರೂ ನಷ್ಟವಿಲ್ಲದ ವಸ್ತು ಅದೊಂದೇ. ನಾಳೆ ಬೇರೆ ತಂದಿಡಬಹುದು.

ಆದರೆ ಸಂಜೆಗೇ ಬಾಡಬಾರದಷ್ಟೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಹಿಡಿಸಿದ ಪ್ರಶ್ನೆ ಇದೇ: ಬೇರಿಲ್ಲದ ಹೂವಿಗೆ ನೀರು ಏರುವುದೆಂತು? ದಂಟಿನೊಳಗೆ ಕೂದಲಿಗಿಂತ ಸಣ್ಣ ನಾಳಗಳುಂಟು. ನಾಳದ ತ್ರಿಜ್ಯ 0.02 ಮಿಲಿಮೀಟರ್ ಎಂದಿಟ್ಟುಕೊಂಡರೆ, ಮೇಲ್ಮೈ ಕರ್ಷಣವೊಂದೇ ನೀರನ್ನು ಸುಮಾರು 70 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಬಲ್ಲುದು. ನಿಲ್ಲಿಸಿದರೆ ಸಾಲದು, ನೀರು ಹರಿಯುತ್ತಿರಬೇಕು. ಎಲೆ, ದಳಗಳಿಂದ ಆವಿಯಾಗಿ ಹೋದ ನೀರು ತನ್ನ ಹಿಂದಿನ ನೀರನ್ನು ಎಳೆಯುತ್ತದೆ. ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ನೀರು ಬಾವಿಯ ಹಗ್ಗದಂತೆ ಕಡಿಯದೆ ಮೇಲೇರುತ್ತದೆ. ದಂಟನ್ನು ಗಾಳಿಯಲ್ಲಿ ಕೊಯ್ದೊಡನೆ, ಎಳೆತದಲ್ಲಿದ್ದ ನೀರು ಮೇಲಕ್ಕೆ ಸರಿದು ನಾಳದ ಬಾಯಿಗೆ ಗಾಳಿ ನುಗ್ಗುತ್ತದೆ, ಹಗ್ಗ ಕಡಿದಂತಾಯಿತು. ಹೂದಾನಿಯ ತುಂಬ ನೀರಿದ್ದೂ ಹೂವು ಬಾಯಾರಿ ಬಾಡುವುದುಂಟು! ದಂಟಿನ ತುದಿಯನ್ನು ನೀರಿನೊಳಗೆ ಮುಳುಗಿಸಿ ಮತ್ತೊಮ್ಮೆ ಕತ್ತರಿಸುವುದು ಗಾಳಿ ಹೊಕ್ಕ ಆ ಭಾಗವನ್ನು ತೆಗೆದುಹಾಕುವುದಕ್ಕಾಗಿಯೇ. ವಾಚಕರು ಸೇವಂತಿಗೆಯ ಎರಡು ದಂಟುಗಳನ್ನು ತೆಗೆದುಕೊಂಡು, ಒಂದನ್ನು ಹೀಗೆ ಕತ್ತರಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡಬಹುದು.

ಇನ್ನು ಅಪಾಯದ ಮಾತು. ಚೆಲ್ಲಿದ ನೀರು ಹಳೆಯ ಮೇಜಿನ ಮೆರುಗನ್ನು ಕೆಡಿಸುವುದೆಂದು ಯಾರಾದರೂ ಊಹಿಸಬಲ್ಲರು. ನಾವು ಊಹಿಸದಿದ್ದ ಶತ್ರುವೆಂದರೆ ಒಂದು ಪುಟ್ಟ ದುಂಬಿ. ಪರಾಗವನ್ನು ತಿನ್ನುವ ಅದು ಹೂವಿನೊಡನೆಯೇ ಒಳಬರುತ್ತದೆ, ಜಮಖಾನೆಯಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳುಗಳು ಆ ಉಣ್ಣೆಯನ್ನೇ ತಿಂದು ಬೆಳೆಯುತ್ತವೆ. ಆದುದರಿಂದ ಎಚ್ಚರವುಳ್ಳ ಕಡೆಗಳಲ್ಲಿ ಹೂಗಳನ್ನು ಹೊರಗೇ ಕೊಡವಿ, ಪರೀಕ್ಷಿಸಿ, ಹೂದಾನಿಯಲ್ಲಿ ಜೋಡಿಸಿ ಬಳಿಕ ಒಳಕ್ಕೆ ತರುತ್ತಾರೆ, ಕೆಳಗೊಂದು ತಟ್ಟೆಯನ್ನಿಡುತ್ತಾರೆ. ಲಿಲ್ಲಿ ಹೂವಾದರೆ, ಪರಾಗ ಉದುರಿ ಕಲೆಯಾಗದಿರಲೆಂದು ಅದರ ಕೇಸರದ ತುದಿಗಳನ್ನು ಮೊದಲೇ ಚಿವುಟಿಬಿಡುತ್ತಾರೆ.