ಎಡೆದೊರೆ ನಾಡಿನ ಹೊಳೆಯೂ ಹಳ್ಳವೂ

ಕೃಷ್ಣೆ ತುಂಗಭದ್ರೆಗಳ ನಡುವಣ ಭೂಭಾಗವನ್ನು ಶಾಸನಗಳು ಎಡೆದೊಱೆನಾಡು ಎಂದು ಕರೆದಿವೆ. ಎಡೆ, ತೊಱೆ ಎಂಬೆರಡು ಶಬ್ದಗಳು ಕೂಡಿ, ತಕಾರಕ್ಕೆ ದಕಾರವು ಆದೇಶವಾಗಿ ಬಂದು ಈ ರೂಪವಾಯಿತು. ಇಲ್ಲಿಯ ‘ದೊಱೆ’ಗೂ ಅರಸನಿಗೂ ಸಂಬಂಧವಿಲ್ಲ. ರಾಜೇಂದ್ರ ಚೋಳನ ಪ್ರಶಸ್ತಿಯಲ್ಲಿ ಬರುವ ಇಡೈತುರೈನಾಡೂ ಇದೇ. ರಾಯಚೂರು, ದೇವದುರ್ಗ, ಮಾನ್ವಿಗಳು ಈ ಸೀಮೆಯವು. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯನ್ನಷ್ಟೇ ಕಾಣುವ, ಬರಕ್ಕೆ ಹೆಸರಾದ ಈ ನಾಡಿನಲ್ಲಿ ನೆರೆಯ ಮಾತೇಕೆಂದು ದೂರದವರು ಕೇಳಬಹುದು. ಇಲ್ಲಿ ನೀರು ಮನೆಯನ್ನು ಮುಳುಗಿಸುವುದಕ್ಕಿಂತ ಮನೆಯ ದಾರಿಯನ್ನು ಕಡಿಯುವುದೇ ಹೆಚ್ಚು. ‘ಹೊಳೆ ಬಂತು’, ‘ಹಳ್ಳ ಬಂತು’ ಎಂದು ಜನರು ಬೇರೆ ಬೇರೆಯಾಗಿ ನುಡಿಯುವರು. ಇವೆರಡನ್ನೂ ಪ್ರವಾಹವೆಂಬ ಒಂದೇ ಸಂಸ್ಕೃತ ಶಬ್ದದಲ್ಲಿ ಅಡಗಿಸಿದರೆ ಅರ್ಥವೇ ಕೆಡುವುದು.

ಹೊಳೆಯ ನೀರು ಪರದೇಶದ್ದು. ಮಹಾಬಲೇಶ್ವರದ ಕಡೆಯ ಸಹ್ಯಾದ್ರಿಯಲ್ಲಿ ಬಿದ್ದ ಮಳೆಯು ಆಲಮಟ್ಟಿ, ನಾರಾಯಣಪುರಗಳ ಜಲಾಶಯಗಳನ್ನು ದಾಟಿ ದೇವದುರ್ಗದ ಗಡಿಯನ್ನು ಸೇರುವಾಗ ಅಲ್ಲಿಯ ಆಕಾಶವು ನಿರ್ಮಲವಾಗಿರುವುದುಂಟು. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ 5 ಲಕ್ಷ ಕ್ಯೂಸೆಕ್ಕುಗಳನ್ನು ಮೀರಿ ನೀರು ಬಿಟ್ಟಾಗ, ದೇವದುರ್ಗದಿಂದ ಶಹಾಪುರಕ್ಕೆ ಹೋಗುವ ಹೂವಿನಹೆಡಗಿಯ ಸೇತುವೆಯು ಮುಳುಗಿತು.

ಇಂತಹ ದಿನಗಳಲ್ಲಿ ಹೆಚ್ಚು ಕಷ್ಟಕ್ಕೆ ಗುರಿಯಾಗುವವರು ಕೃಷ್ಣೆಯ ನಡುಗಡ್ಡೆಗಳ ನಿವಾಸಿಗಳು. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದ ಎಂಬ ಊರುಗಳ ಹೆಸರೇ ಅವುಗಳ ಸ್ಥಿತಿಯನ್ನು ಹೇಳುತ್ತದೆ. ಕುರುವವೆಂದರೆ ಹೊಳೆಯ ನಡುಗಡ್ಡೆ. ಅದಕ್ಕೆ, ಹೈದರಾಬಾದು ಸಂಸ್ಥಾನದ ಕಂದಾಯದ ದಫ್ತರುಗಳಲ್ಲಿ ಬಳಕೆಯಾಗುತ್ತಿದ್ದ ಕಲಾಂ, ಖುರ್ದ್ ಎಂಬ ಪಾರಸಿ ವಿಶೇಷಣಗಳು ಸೇರಿದಂತೆ ತೋರುತ್ತದೆ. ಅಂದರೆ ಹಿರಿಯ ಕುರುವ, ಕಿರಿಯ ಕುರುವ. ಇಂತಹ ಊರುಗಳಿಗೆ ಹರಿಗೋಲೇ ಪರಂಪರೆಯ ದಾರಿ. ಪೋರ್ತುಗೀಜ ಪ್ರವಾಸಿ ಪಾಯೆಸನು ಸುಮಾರು 1520ರಲ್ಲಿ ಆನೆಗೊಂದಿಯ ಬಳಿ ತೊಗಲು ಹೊದಿಸಿದ ಬುಟ್ಟಿಯಾಕಾರದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಐದು ಶತಮಾನಗಳಲ್ಲಿ ತೊಗಲಿನ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಬಂದಿದೆ, ಅಷ್ಟೆ, ಆಕಾರವು ಅದೇ. ಹೊಳೆ ತುಂಬಿದರೆ ಹರಿಗೋಲು ಕಟ್ಟೆಗೇರಲೇಬೇಕು.

ಹಳ್ಳದ ನೀರಾದರೋ ಮನೆಯ ಬಳಿಯದೇ. ಇಲ್ಲಿಯ ಎರೆಭೂಮಿಯು ಬೇಸಗೆಯಲ್ಲಿ ಬಿರಿದು, ಮೊದಲ ಮಳೆಯನ್ನು ಬಿರುಕುಗಳಲ್ಲಿ ಕುಡಿದುಬಿಡುವುದು. ನೀರುಂಡು ಉಬ್ಬಿದ ಬಳಿಕ ಬಿರುಕುಗಳು ಮುಚ್ಚಿ, ಆಮೇಲಿನ ಬಿರುಮಳೆಯು ಇಂಗದೆ ಮೇಲೆಯೇ ಹರಿಯುವುದು. ಆದುದರಿಂದ ಜ್ಯೇಷ್ಠದಲ್ಲಿ ಒಣಗಿಯೇ ಉಳಿದ ಹಳ್ಳವು ಅಷ್ಟೇ ಮಳೆಗೆ ಭಾದ್ರಪದದಲ್ಲಿ ಉಕ್ಕೀತು. ಮಾನ್ವಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬತ್ತ ಬೆಳೆಯುವ ನೆಲವು ಮಳೆಗೆ ಮುಂಚೆಯೇ ತೊಯ್ದಿರುವುದೆಂಬುದನ್ನೂ ನೆನೆಯಬೇಕು.

ದೇವದುರ್ಗ, ಲಿಂಗಸುಗೂರುಗಳ ಸೀಮೆಯಲ್ಲಿ ಹೊಲಗಳ ನಡುವಣ ನಾಲ್ಕಾರು ಮನೆಗಳ ನೆಲೆಗೆ ದೊಡ್ಡಿಯೆನ್ನುವರು. ಬೇರೆಡೆ ದನ ಕಟ್ಟುವ ತಾಣವೆಂಬ ಅರ್ಥವುಳ್ಳ ಪದವು ಇಲ್ಲಿ ಜನರ ವಸತಿಯಾಗಿದೆ. ದೊಡ್ಡಿಗೂ ಊರಿಗೂ ನಡುವೆ ಒಂದು ಹಳ್ಳ, ಅದರ ಮೇಲೆ ತಗ್ಗಾದ ಸೇತುವೆ, ಅದೂ ಇಲ್ಲದಿದ್ದರೆ ಬರಿಯ ಕಾಲುಹಾದಿ. ಹೆರಿಗೆಯ ನೋವೋ ಹಾವು ಕಡಿತವೋ ಆದ ರಾತ್ರಿ ಹಳ್ಳ ಬಂದರೆ, ದಂಡೆಯಲ್ಲಿ ನಿಂತವರ ಮುಂದೆ ಇರುವುದು ಒಂದೇ ಪ್ರಶ್ನೆ: ಕಾಯುವುದೋ, ಇಳಿಯುವುದೋ? ಹಳ್ಳವು ಏರಿದಷ್ಟೇ ಬೇಗ ಇಳಿಯುವುದರಿಂದ ಕಾಯುವುದು ಸಾಮಾನ್ಯವಾಗಿ ಕೆಲವು ಗಂಟೆಗಳ ಮಾತು. ಆದರೆ ಅದು ಕಿರಿದಾಗಿ ಕಾಣುವುದರಿಂದಲೇ ಜನರು ಇಳಿಯುವರು. ಮೊಳಕಾಲುದ್ದದ ರಭಸದ ನೀರು ಗಟ್ಟಿಮುಟ್ಟಾದ ಆಳನ್ನೂ ಕೆಡಹಬಲ್ಲದು. ಹೊಳೆಗೆ ಅಣೆಕಟ್ಟಿನಿಂದ ಮುನ್ಸೂಚನೆಯುಂಟು. ಹಳ್ಳಕ್ಕೆ ಮೇಲಣ ದಿಕ್ಕಿನ ಗುಡುಗಲ್ಲದೆ ಬೇರೆ ಸೂಚನೆಯಿಲ್ಲ.

ಎರಡೂ ಒಮ್ಮೆಗೇ ಬಂದರೆ ಈ ಲೆಕ್ಕವೆಲ್ಲ ತಪ್ಪುವುದು. 2009ರ ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ಮೊದಲ ದಿನಗಳವರೆಗೆ ನಾಡಿನೊಳಗೇ ಮಹಾಮಳೆ ಸುರಿದು ಹಳ್ಳಗಳೂ ತುಂಗಭದ್ರೆಯೂ ಒಟ್ಟಿಗೆ ಉಕ್ಕಿದುವು. ಕೆಳಗಣ ಮಂತ್ರಾಲಯವು ಜಲಾವೃತವಾಯಿತು. ಹೊಳೆಯು ಮೇಲೆದ್ದು ನಿಂತಾಗ ಹಳ್ಳದ ಬಾಯಿ ಕಟ್ಟಿ, ನೀರು ಹಿಮ್ಮೊಗವಾಗಿ ಹೊಲಗಳ ಮೇಲೆ ಹರಡುವುದು. ಆಗ ಗಂಟೆಗಳಲ್ಲಿ ಇಳಿಯಬೇಕಾದ ಹಳ್ಳವು ಹೊಳೆ ಇಳಿಯುವ ತನಕ ನಿಲ್ಲುವುದು, ಅಷ್ಟು ದಿನವೂ ದೊಡ್ಡಿಯೇ ಕುರುವವಾಗುವುದು; ಹರಿಗೋಲು ಮಾತ್ರ ಅಲ್ಲಿರದು.