ನಾಲ್ಕು ಹಗ್ಗದೊಳಗೆ ಇಡೀ ಪಂಚಾಯ್ತಿಯ ಬೆಳೆ

ದಾವಣಗೆರೆಯಿಂದ ಹರಿಹರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಒಂದು ಚಟವಿದೆ. ಕಿಟಕಿಯಾಚೆ ನೋಡಿಕೊಂಡೇ 'ಈ ಸಲ ಮೆಕ್ಕೆಜೋಳ ಪರವಾಗಿಲ್ಲ ಕಣ್ರೀ', 'ಭತ್ತ ಕೈ ಕೊಡ್ತು' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಹರಿಹರ ಬರುವಷ್ಟರಲ್ಲಿ ಇಡೀ ಜಿಲ್ಲೆಯ ಫಸಲಿನ ಲೆಕ್ಕ ಮುಗಿದಿರುತ್ತದೆ!

ಬಸ್ಸಿನ ಅಂದಾಜಿನಿಂದ ಯಾರ ಗಂಟೂ ಹೋಗುವುದಿಲ್ಲ. ಆದರೆ ಬೆಳೆಯ ಅಂದಾಜನ್ನು ಸರ್ಕಾರವೂ ಮಾಡುತ್ತದೆ. ಅದರ ಮೇಲೆ ರೈತನ ವಿಮೆ ಹಣ ನಿಂತಿದೆ. ರೈತನ ಕೈಗೆ ಕಾಸು ಬಂದರೆ ತಾನೇ ಮಂಡಿಪೇಟೆಯ ಉದ್ರಿ ಖಾತೆ ಚುಕ್ತಾ ಆಗುವುದು? ಆದ್ದರಿಂದ ಇದು ಹೊಲದವರ ವಿಷಯ, ನಮಗೇಕೆ ಎಂದು ಅಂಗಡಿಯವರು ಸುಮ್ಮನಿರುವ ಹಾಗಿಲ್ಲ.

ಈ ಅಂದಾಜಿನ ಸರ್ಕಾರಿ ಹೆಸರು ಬೆಳೆ ಕಟಾವು ಪ್ರಯೋಗ. 2016ರ ಮುಂಗಾರಿನಲ್ಲಿ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರ ತೀರ್ಮಾನವಾಗುವುದು ಮುಖ್ಯವಾಗಿ ಇದರಿಂದಲೇ. ಒಂದು ಬೆಳೆಗೆ ಗ್ರಾಮ ಪಂಚಾಯ್ತಿಯನ್ನು ಘಟಕವೆಂದು ಹಿಡಿದರೆ, ಆ ಪಂಚಾಯ್ತಿಯಲ್ಲಿ ಕನಿಷ್ಠ 4 ಕಡೆ ಬೆಳೆ ಕೊಯ್ದು ತೂಗಬೇಕು. ಆ ನಾಲ್ಕು ತೂಕದ ಸರಾಸರಿಯೇ ಇಡೀ ಪಂಚಾಯ್ತಿಯ ಇಳುವರಿ.

'ಊರು ತುಂಬಾ ಹೊಲ ಇದ್ದಾವೆ. ನಾಲ್ಕು ಕಡೆ ಕೊಯ್ದು ಎಲ್ಲರ ಹಣೆಬರಹ ಬರೆಯೋದಾ?' ಎಂಬುದು ಅರಳಿಕಟ್ಟೆಯ ಮೇಲೆ ಕುಳಿತವರ ಮಾಮೂಲು ತಕರಾರು.

ಅಗುಳಿನ ಲೆಕ್ಕ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರೆ. ಮಂಡಿಯಲ್ಲೂ ಅಷ್ಟೆ. ಚೀಲ ಪೂರಾ ಸುರಿದು ನೋಡುವವರಿಲ್ಲ. ಒಂದು ಹಿಡಿ ಸ್ಯಾಂಪಲ್ ತೆಗೆದು ದರ ಹೇಳುತ್ತಾರೆ. ಹಾಗಾದರೆ ನಾಲ್ಕು ಕಡೆ ಕೊಯ್ದರೆ ತಪ್ಪೇನು?

ತಪ್ಪು ಎಣಿಕೆಯಲ್ಲಿಲ್ಲ. ಅನ್ನದ ಪಾತ್ರೆಯನ್ನು ಸೌಟು ಹಾಕಿ ತಿರುವಿರುತ್ತಾರೆ. ಅದರಿಂದ ಯಾವ ಅಗುಳಾದರೂ ನಡೆಯುತ್ತದೆ. ಹೊಲವನ್ನು ತಿರುವುವವರು ಯಾರು? ಭದ್ರಾ ನಾಲೆಯ ನೀರು ಮೊದಲು ಹರಿಯುವ ಗದ್ದೆಯೇ ಬೇರೆ, ಹರಿಹರ ತಾಲ್ಲೂಕಿನ ನಾಲೆ ಕೊನೆಯ ಗದ್ದೆಯೇ ಬೇರೆ. ಎರೆ ಹೊಲ ಒಂದು ಥರ, ಕಲ್ಲು ಮಿಶ್ರಿತ ಕೆಂಪು ಹೊಲ ಇನ್ನೊಂದು ಥರ. ಮಂಡಿಯಲ್ಲಿ ಚೀಲದ ಬಾಯಿಯಲ್ಲೇ ಒಳ್ಳೆ ಕಾಳು ಹಾಕಿ ತಂದವನ ಕಥೆ ಎಲ್ಲ ದಲಾಲರಿಗೂ ಗೊತ್ತು. ಬಸ್ಸಿನ ಕಿಟಕಿಯಿಂದ ಕಾಣುವ ರಸ್ತೆ ಬದಿಯ ಹೊಲ ಅಂಥದೇ ಚೀಲದ ಬಾಯಿ.

ಈ ತಿರುವುವ ಕೆಲಸ ಮಾಡುವುದೇ ಚೀಟಿ ಎತ್ತಿದಂತೆ ಆರಿಸುವ ಪದ್ಧತಿ. ಯಾವ ಸರ್ವೆ ನಂಬರಿನ ಹೊಲ ಎಂಬುದನ್ನು ಅಧಿಕಾರಿ ಹೇಳುವಂತಿಲ್ಲ, ರೈತ ಹೇಳುವಂತಿಲ್ಲ, ವಿಮೆ ಕಂಪನಿಯವನೂ ಹೇಳುವಂತಿಲ್ಲ. ಲಾಟರಿಯಂತೆ ಬಂದ ಸಂಖ್ಯೆ ಹೇಳುತ್ತದೆ. ಹೊಲಕ್ಕೆ ಹೋದ ಮೇಲೂ ಕಣ್ಣಿಗೆ ಕಂಡ ಕಡೆ ಗೂಟ ಹೊಡೆಯುವ ಹಾಗಿಲ್ಲ. ನೈರುತ್ಯ ಮೂಲೆಗೆ, ಅಂದರೆ ವಾಸ್ತುವಿನವರು ಕುಬೇರ ಮೂಲೆ ಎನ್ನುತ್ತಾರಲ್ಲ, ಅಲ್ಲಿಗೆ ಹೋಗಿ ನಿಲ್ಲಬೇಕು. ಅಲ್ಲಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂಬುದನ್ನೂ ಅಂಥದೇ ಸಂಖ್ಯೆಯಿಂದ ತೆಗೆಯಬೇಕು. ಅಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಹಗ್ಗ ಕಟ್ಟಿ, ಒಳಗಿನ ಬೆಳೆ ಕೊಯ್ದು, ಕಾಳು ಬಿಡಿಸಿ ತೂಗುತ್ತಾರೆ. ಹಸಿ ಕಾಳು ಒಣಗಿದ ಮೇಲೆ ಎಷ್ಟು ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಈಗ ಇದೆಲ್ಲ ಮೊಬೈಲಿನಲ್ಲಿ ಫೋಟೊ ಸಮೇತ ದಾಖಲಾಗುತ್ತದೆ.

ಆಣೆವಾರಿಯಿಂದ ಹಗ್ಗದವರೆಗೆ

ಹಿಂದಿನ ಕಾಲದಲ್ಲಿ ಹದಿನಾರಾಣೆ ಬೆಳೆ, ಎಂಟಾಣೆ ಬೆಳೆ ಎಂದು ಕಣ್ಣಳತೆಯಲ್ಲೇ ಬರೆಯುತ್ತಿದ್ದರು. ಈ ಆಣೆವಾರಿಯಲ್ಲಿ ಬರೆಯುವವನ ಕಣ್ಣೇ ತಕ್ಕಡಿ. 1920ರ ದಶಕದಲ್ಲಿ ಬಿಹಾರ-ಒರಿಸ್ಸಾ ಪ್ರಾಂತ್ಯದಲ್ಲಿ ಹಬ್ಬಾಕ್ ಎಂಬ ಐ.ಸಿ.ಎಸ್. ಅಧಿಕಾರಿ ಕಣ್ಣಳತೆ ಬಿಟ್ಟು, ಹೀಗೆ ಆರಿಸಿದ ತುಂಡು ಜಾಗದಲ್ಲಿ ಭತ್ತ ಕೊಯ್ಸಿ ತೂಗಿಸಿದರು. 1937ರಿಂದ ಪ್ರೊ. ಮಹಾಲನೋಬಿಸ್ ಬಂಗಾಳದ ಸೆಣಬಿನ ಬೆಳೆಗೆ ಸ್ಯಾಂಪಲ್ ಲೆಕ್ಕ ತಂದರು. 1940ರ ದಶಕದಲ್ಲಿ ಡಾ. ಸುಖಾತ್ಮೆಯವರು ಇಂಥ ಕಟಾವು ಪ್ರಯೋಗವನ್ನು ದೇಶದ ಬೇರೆ ಬೇರೆ ಪ್ರಾಂತ್ಯಗಳಿಗೆ ಹಬ್ಬಿಸಿದರು.

ಅವರು ಎತ್ತಿ ತೋರಿಸಿದ ಒಂದು ಸೂಕ್ಷ್ಮ ಇಂದಿಗೂ ನೆನಪಿಡಬೇಕಾದ್ದು. ತೀರಾ ಚಿಕ್ಕ ಜಾಗ ಕೊಯ್ದರೆ ಇಳುವರಿ ಜಾಸ್ತಿ ತೋರುತ್ತದೆ. ಯಾಕೆ? ಹಗ್ಗದ ಮೇಲೇ ನಿಂತ ಗಿಡ ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಕೊಯ್ಯುವವನು 'ಇರಲಿ ಬಿಡು, ಒಳಗೇ' ಎನ್ನುತ್ತಾನೆ. ಜಾಗ ಚಿಕ್ಕದಾದಷ್ಟೂ ಇಂಥ ಅಂಚಿನ ಗಿಡಗಳ ಪಾಲು ಹೆಚ್ಚು. ಯಾರೂ ಮೋಸ ಮಾಡದಿದ್ದರೂ ಲೆಕ್ಕ ಒಂದೇ ಕಡೆ ವಾಲುತ್ತದೆ.

ಒಂದು ಹಗ್ಗದ ಬೆಲೆ

ವಿಷಯ ತಿಳಿಯಲು ಒಂದು ಉದಾಹರಣೆ ಹಾಕಿ ನೋಡೋಣ. ನಾಲ್ಕು ಕಡೆ ಕೊಯ್ದ ಮೆಕ್ಕೆಜೋಳದ ಒಣ ಕಾಳು 14, 11, 6, 9 ಕಿಲೋ ಬಂತು ಎನ್ನಿ. ಒಟ್ಟು 40, ಸರಾಸರಿ 10 ಕಿಲೋ. ಕೊಯ್ದ ಜಾಗ 25 ಚದರ ಮೀಟರ್, ಅಂದರೆ ಹೆಕ್ಟೇರಿನ ನಾನೂರರಲ್ಲಿ ಒಂದು ಪಾಲು. ಆದ್ದರಿಂದ ಹೆಕ್ಟೇರಿಗೆ 40 ಕ್ವಿಂಟಾಲ್, ಎಕರೆಗೆ 16 ಕ್ವಿಂಟಾಲ್ ಚಿಲ್ಲರೆ.

ವಿಮೆಗೆ ಒಂದು ಗೆರೆ ಇರುತ್ತದೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬಂದ 5 ವರ್ಷದ ಸರಾಸರಿ ತೆಗೆದು, ಅದರಲ್ಲಿ ಶೇಕಡಾ ಇಷ್ಟು ಎಂದು ಆ ಗೆರೆ ಎಳೆಯುತ್ತಾರೆ. ಅದು 50 ಕ್ವಿಂಟಾಲ್ ಇದ್ದರೆ 10 ಕ್ವಿಂಟಾಲ್ ಕೊರತೆ, ಅಂದರೆ ಶೇ. 20. ಹೆಕ್ಟೇರಿಗೆ 50,000 ರೂಪಾಯಿ ವಿಮೆ ಇದ್ದರೆ ಕೈಗೆ ಬರುವುದು 10,000.

ಈಗ 6 ಕಿಲೋ ಬರಬೇಕಿದ್ದ ಹೊಲ ದೂರವಾಯಿತೆಂದು, ರಸ್ತೆ ಪಕ್ಕದ 14 ಕಿಲೋದ ಹೊಲದಲ್ಲಿ ಹಗ್ಗ ಕಟ್ಟಿದರು ಎನ್ನಿ. ಸರಾಸರಿ 12 ಆಯಿತು. ಇಳುವರಿ 48 ಕ್ವಿಂಟಾಲ್, ಕೊರತೆ ಶೇ. 4. ಪರಿಹಾರ ಬರೇ 2,000! ಪಂಚಾಯ್ತಿಯ ಒಬ್ಬೊಬ್ಬ ವಿಮೆದಾರನಿಗೂ ಹೆಕ್ಟೇರಿಗೆ 8,000 ಖೋತಾ. ಉಲ್ಟಾ ಮಾಡಿ, 14ರ ಹೊಲ ಬಿಟ್ಟು ಇನ್ನೊಂದು 6ರ ಹೊಲ ಹಿಡಿದರೆ ಪರಿಹಾರ 18,000ಕ್ಕೆ ಏರುತ್ತದೆ. ಅದೂ ಅನ್ಯಾಯವೇ. ವಿಮೆಯ ಕಂತಿನಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟುವುದು ಹೆಚ್ಚೆಂದರೆ ಶೇ. 2. ಮಿಕ್ಕದ್ದರಲ್ಲಿ ಸರ್ಕಾರದ ಬೊಕ್ಕಸದ ಪಾಲಿದೆ.

ನಾಲ್ಕರ ಬದಲು ಹದಿನಾರು ಕಡೆ ಕೊಯ್ದರೆ? ಸರಾಸರಿಯ ಏರುಪೇರು ಅರ್ಧಕ್ಕೆ ಇಳಿಯುತ್ತದೆ, ಖರ್ಚು ನಾಲ್ಕು ಪಟ್ಟು ಆಗುತ್ತದೆ. ಆದರೆ ಹದಿನಾರನ್ನೂ ರಸ್ತೆ ಪಕ್ಕದಲ್ಲೇ ಕೊಯ್ದರೆ ಪ್ರಯೋಜನವಿಲ್ಲ. ಹೆಚ್ಚು ಕೊಯ್ದಷ್ಟೂ ಅದೇ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೆ.

ಸರಾಸರಿಗೆ ಇನ್ನೊಂದು ಗುಣವಿದೆ. ಅದು ಒಬ್ಬೊಬ್ಬನ ಮುಖ ನೋಡುವುದಿಲ್ಲ. ಪಂಚಾಯ್ತಿಯ ಬೆಳೆ ಚೆನ್ನಾಗಿದೆ ಎಂದು ಲೆಕ್ಕ ಬಂದರೆ, ಮಳೆ ಕೈಕೊಟ್ಟು ಒಣಗಿದ ಒಂಟಿ ಹೊಲದವನಿಗೆ ಈ ಬಾಬ್ತಿನಲ್ಲಿ ಬಿಡಿಗಾಸೂ ಇಲ್ಲ. ಆಲಿಕಲ್ಲಿನಂಥ ಸ್ಥಳೀಯ ಹಾನಿಗೆ ಮಾತ್ರ ಬೇರೆ ದಾರಿಯಿದೆ. ಅದಕ್ಕೆ 72 ಗಂಟೆಯೊಳಗೆ ದೂರು ಕೊಡಬೇಕು.

ಆದ್ದರಿಂದ ಊರಿನವರು ಕೇಳಬೇಕಾದ ಪ್ರಶ್ನೆ 'ನಾಲ್ಕೇ ಏಕೆ' ಎಂಬುದಲ್ಲ. 'ಈ ನಾಲ್ಕೇ ಏಕೆ' ಎಂಬುದು. ಸರ್ವೆ ನಂಬರ್ ಪಟ್ಟಿಯಲ್ಲಿ ಇದ್ದದ್ದೇನಾ? ಹೊಲ ಬದಲಾಗಿದ್ದರೆ ಯಾವ ನಿಯಮದ ಮೇಲೆ? ಹೆಜ್ಜೆ ಎಣಿಸಿದ್ದು ಯಾವ ಮೂಲೆಯಿಂದ? ಹಗ್ಗ 5 ಮೀಟರ್ ಇದೆಯೇ? ತಕ್ಕಡಿ ಸರಿಯಿದೆಯೇ? ಇಷ್ಟು ನೋಡಲು ದೊಡ್ಡ ಓದು ಬೇಕಿಲ್ಲ. ಕಟಾವಿನ ದಿನ ಬದುವಿನ ಮೇಲೆ ನಾಲ್ಕು ಜನ ನಿಂತರೆ ಸಾಕು. ತೂಕ ಬರೆದುಕೊಂಡು ಹೋದ ಮೇಲೆ ಕಟ್ಟೆಯ ಮೇಲೆ ಕುಳಿತು ತಕರಾರು ಮಾಡಿದರೆ, ಕೊಯ್ದ ಬೆಳೆ ಮತ್ತೆ ಹೊಲದಲ್ಲಿ ನಿಲ್ಲುವುದಿಲ್ಲ.